ವೈದ್ಯನಿಗೆ ಮುಗಿಯದ ಓದು

ಗೊಳಸಂಗಿಯಿಂದ ವಿಜಯಪುರ ಬಹಳ ದೂರದ ಊರೇನಲ್ಲ. ಮುಂಜಾನೆ ಹೆದ್ದಾರಿಯ ಬಸ್ಸು ಹತ್ತಿದವರು ಪೇಟೆಯ ಕೆಲಸ ಮುಗಿಸಿಕೊಂಡು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು. ಆದರೆ ಷಿಕಾಗೊ ನಗರದ ಪ್ರಯೋಗಶಾಲೆಯಲ್ಲಿ ಹುಟ್ಟಿದ ವೈದ್ಯವಿಚಾರವೊಂದು ಬಸವನ ಬಾಗೇವಾಡಿ ಸೀಮೆಯ ಈ ಊರಿಗೆ ಬಂದು ಮುಟ್ಟಲು ಎಷ್ಟು ಕಾಲ ಬೇಕು? ಅದನ್ನು ಹೊತ್ತು ತರುವವರು ಯಾರು? ಬಂದ ವಿಚಾರದಲ್ಲಿ ದೋಷವಿತ್ತೆಂದು ಮುಂದೊಂದು ದಿನ ತಿಳಿದರೆ, ಆ ಸುದ್ದಿಯೂ ಅದೇ ದಾರಿಯಿಂದ ಬರುವುದೆ?

ನಾವು ನೀವು ವೈದ್ಯರ ಬಳಿಗೆ ಹೋದಾಗ ಗೋಡೆಯ ಮೇಲೆ ತೂಗುಹಾಕಿದ ಪದವಿಪತ್ರವನ್ನು ನೋಡಿ ಧೈರ್ಯ ತಂದುಕೊಳ್ಳುತ್ತೇವೆ. ಅದರಲ್ಲಿ ಒಂದು ವರ್ಷ ಬರೆದಿರುತ್ತದೆ. ಆ ವರ್ಷಕ್ಕೆ ಅವರು ಏನನ್ನು ಬಲ್ಲವರಾಗಿದ್ದರು ಎಂಬುದಕ್ಕೆ ಆ ಪತ್ರ ಸಾಕ್ಷಿ. ಆಮೇಲೆ ಕಲಿತದ್ದಕ್ಕೆ ಸಾಕ್ಷಿ ಎಲ್ಲಿ? ಈ ಪ್ರಶ್ನೆಯನ್ನು ಬರಿದೆ ಕೇಳುವುದಕ್ಕಿಂತ ಒಂದೇ ರೋಗವನ್ನು ಕೈಗೆತ್ತಿಕೊಂಡು, ಅದರ ಇತಿಹಾಸದ ಜಾಡಿನಲ್ಲಿ ನಡೆಯುವುದು ಲೇಸು. ನಾನು ಆರಿಸಿಕೊಂಡಿರುವುದು ಗಂಡಸರಿಗೆ ಮಾತ್ರ ಬರುವ, ಬಹುಮಟ್ಟಿಗೆ ಮುಪ್ಪಿನಲ್ಲಿ ತಲೆದೋರುವ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರನ್ನು.

ಈ ಗ್ರಂಥಿ ಮೂತ್ರಕೋಶದ ಬಾಯಿಗೆ ಅಂಟಿಕೊಂಡು, ಮೂತ್ರನಾಳವನ್ನು ಸುತ್ತುವರಿದಿದೆ. ಸುಮಾರು ಒಂದು ಅಡಿಕೆಯಷ್ಟು ಗಾತ್ರ. ವಯಸ್ಸಾದಂತೆ ಇದು ಉಬ್ಬುವುದು ಸಾಮಾನ್ಯ. ಆ ಉಬ್ಬು ಕ್ಯಾನ್ಸರ್ ಅಲ್ಲ. ಆದರೆ ಕೆಲವರಲ್ಲಿ ಇದೇ ಗ್ರಂಥಿಯೊಳಗೆ ಅರ್ಬುದ ಹುಟ್ಟಿ, ಮೆಲ್ಲಗೆ ಬೆಳೆದು, ಬೆನ್ನೆಲುಬು ಮತ್ತು ಟೊಂಕದ ಎಲುಬುಗಳಿಗೆ ಹರಡುತ್ತದೆ. ಲಂಡನ್ ಆಸ್ಪತ್ರೆಯ ಶಸ್ತ್ರವೈದ್ಯ ಜಾನ್ ಆ್ಯಡಮ್ಸ್ ಎಂಬವರು ೧೮೫೩ರಲ್ಲಿ ೫೯ ವರ್ಷದ ರೋಗಿಯೊಬ್ಬನ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಫಲವನ್ನು ಪ್ರಕಟಿಸಿ, ಇದು ಬಲು ಅಪರೂಪದ ರೋಗವೆಂದು ಬರೆದರು. ಅಂದು ಅಪರೂಪವೆನಿಸಿದ್ದಕ್ಕೆ ಕಾರಣವುಂಟು. ಮುಪ್ಪಿನವರೆಗೆ ಬದುಕುವವರೇ ಆಗ ಕಡಿಮೆ. ಬದುಕಿದವರಲ್ಲಿ ಮೂತ್ರ ಕಟ್ಟಿದರೆ ಅದನ್ನು ಮುಪ್ಪಿನ ಗುಣವೆಂದು ಬಿಟ್ಟುಬಿಡುತ್ತಿದ್ದರು. ಸ್ವಾತಂತ್ರ್ಯ ಬಂದ ಕಾಲಕ್ಕೆ ನಮ್ಮ ದೇಶದ ಸರಾಸರಿ ಆಯುಸ್ಸು ೩೨ ವರ್ಷದ ಆಸುಪಾಸಿನಲ್ಲಿತ್ತು. ಇಂದು ಅದು ೭೦ರ ಹತ್ತಿರ ಬಂದಿದೆ. ಆಯುಸ್ಸಿನ ಜೊತೆಗೆ ಆಯುಸ್ಸಿನ ರೋಗಗಳೂ ಬಂದಿವೆ.

ಕಲಿಕೆ ನಿಲ್ಲಬಾರದೆಂಬ ಮಾತು ನಮಗೆ ಪಶ್ಚಿಮದಿಂದ ಬಂದುದಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ‘ತದ್ವಿದ್ಯ ಸಂಭಾಷಾ’ ಎಂಬ ಪದ್ಧತಿಯನ್ನು ವಿವರಿಸಿದೆ. ಒಬ್ಬ ವೈದ್ಯನು ತನ್ನ ವಿದ್ಯೆಯನ್ನೇ ಬಲ್ಲ ಇನ್ನೊಬ್ಬನೊಡನೆ ಕುಳಿತು ವಿಚಾರ ಮಾಡಬೇಕು. ಅದರಿಂದ ತಿಳಿವು ಹೆಚ್ಚುತ್ತದೆ, ಓದಿದ್ದರಲ್ಲಿ ಉಳಿದ ಸಂಶಯ ನೀಗುತ್ತದೆ, ಕೇಳಿರದ ಸಂಗತಿ ಕಿವಿಗೆ ಬೀಳುತ್ತದೆ ಎಂಬುದು ಅದರ ಆಶಯ. ಸ್ನೇಹದ ಚರ್ಚೆ ಯಾವುದು, ಗೆಲ್ಲುವುದಕ್ಕಾಗಿ ಮಾಡುವ ಚರ್ಚೆ ಯಾವುದು ಎಂಬ ವಿಂಗಡಣೆಯೂ ಅಲ್ಲಿದೆ. ಇಂದಿನ ವೈದ್ಯಸಮ್ಮೇಲನಗಳು ಈ ಹಳೆಯ ಮಾತಿಗೆ ಎಷ್ಟರಮಟ್ಟಿಗೆ ಹೊಂದುತ್ತವೆ ಎಂಬುದನ್ನು ಮುಂದೆ ನೋಡೋಣ.

ಇಪ್ಪತ್ತನೆಯ ಶತಮಾನದ ಮೊದಲ ದೊಡ್ಡ ಹೆಜ್ಜೆ ಅಮೆರಿಕದ ಬಾಲ್ಟಿಮೋರಿನಲ್ಲಿ ಬಿದ್ದಿತು. ೧೯೦೪ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಹ್ಯೂ ಹ್ಯಾಂಪ್ಟನ್ ಯಂಗ್ ಅವರು ಕ್ಯಾನ್ಸರ್ ತಗಲಿದ ಗ್ರಂಥಿಯನ್ನು ಪೂರ್ತಿಯಾಗಿ ಕತ್ತರಿಸಿ ತೆಗೆಯುವ ಶಸ್ತ್ರಕ್ರಿಯೆ ಮಾಡಿದರು. ರೋಗ ಗ್ರಂಥಿಯ ಗಡಿ ದಾಟುವ ಮುನ್ನ ಸಿಕ್ಕವರಿಗೆ ಇದರಿಂದ ಉಪಯೋಗವಾಗಬಹುದಿತ್ತು. ಎಲುಬಿಗೆ ಹರಡಿದ ಮೇಲೆ ಬಂದವರಿಗೆ ವೈದ್ಯನು ನೋವು ತಗ್ಗಿಸುವುದರ ಹೊರತು ಏನನ್ನೂ ಮಾಡಲಾರದೆ ಇದ್ದನು.

ಈ ಅಸಹಾಯಕತೆಯನ್ನು ಮುರಿದವರು ಷಿಕಾಗೊ ವಿಶ್ವವಿದ್ಯಾಲಯದ ಚಾರ್ಲ್ಸ್ ಹಗಿನ್ಸ್. ಕೆನಡಾ ದೇಶದಲ್ಲಿ ಹುಟ್ಟಿದ ಇವರು ೧೯೪೧ರಲ್ಲಿ ತಮ್ಮ ಸಹೋದ್ಯೋಗಿ ಕ್ಲಾರೆನ್ಸ್ ಹಾಜಸ್ ಅವರೊಡನೆ ಒಂದು ಆಶ್ಚರ್ಯದ ಸಂಗತಿಯನ್ನು ಪ್ರಕಟಿಸಿದರು. ಪ್ರಾಸ್ಟೇಟ್ ಕ್ಯಾನ್ಸರ್ ತನ್ನಷ್ಟಕ್ಕೆ ತಾನೇ ಬೆಳೆಯುವುದಿಲ್ಲ. ವೃಷಣಗಳಲ್ಲಿ ಹುಟ್ಟುವ ಗಂಡುಹಾರ್ಮೋನು ಅದಕ್ಕೆ ನೀರು ಗೊಬ್ಬರ. ವೃಷಣಗಳನ್ನು ತೆಗೆದರೆ, ಅಥವಾ ಹೆಣ್ಣುಹಾರ್ಮೋನಿನ ಔಷಧ ಕೊಟ್ಟರೆ, ಹರಡಿದ ರೋಗವೂ ಬಾಡುತ್ತದೆ. ಹಾಸಿಗೆ ಹಿಡಿದಿದ್ದ ರೋಗಿಗಳಲ್ಲಿ ಅನೇಕರ ಎಲುಬಿನ ನೋವು ಕೆಲವೇ ದಿನಗಳಲ್ಲಿ ಇಳಿಯಿತು. ರೋಗ ನಿರ್ಮೂಲವಾಗದಿದ್ದರೂ ಕ್ಯಾನ್ಸರನ್ನು ಹಾರ್ಮೋನಿನ ಮೂಲಕ ಹತೋಟಿಗೆ ತರಬಹುದೆಂಬುದು ಅಲ್ಲಿಂದ ಸಿದ್ಧವಾಯಿತು. ಈ ಕೆಲಸಕ್ಕೆ ಹಗಿನ್ಸ್ ಅವರಿಗೆ ನೊಬೆಲ್ ಬಹುಮಾನ ಬಂದುದು ೧೯೬೬ರಲ್ಲಿ, ಕಾಲು ಶತಮಾನ ಕಳೆದ ಮೇಲೆ.

ಈಗ ನಮ್ಮ ಸೀಮೆಯತ್ತ ತಿರುಗೋಣ. ೧೯೪೧ರಲ್ಲಿ ಬಿಜಾಪುರ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ೧೯೫೬ರ ನವೆಂಬರ್ ೧ರಂದು ಅದು ಕನ್ನಡ ನಾಡಿನೊಡನೆ ಒಂದಾಯಿತು. ೨೦೧೪ರಿಂದ ಅದರ ಹೆಸರು ವಿಜಯಪುರ. ಆ ಕಾಲದಲ್ಲಿ ಈ ಭಾಗದ ಹುಡುಗನೊಬ್ಬ ವೈದ್ಯನಾಗಬೇಕೆಂದರೆ ಮುಂಬಯಿಗೋ ಪುಣೆಗೋ ಮಿರಜಿಗೋ ಹೋಗಬೇಕು. ಮುಂಬಯಿಯ ವೈದ್ಯರ ಮತ್ತು ಶಸ್ತ್ರವೈದ್ಯರ ಕಾಲೇಜು ಕೊಡುತ್ತಿದ್ದ ಎಲ್.ಸಿ.ಪಿ.ಎಸ್. ಎಂಬ ಪರವಾನಗಿ ಪದವಿಯನ್ನು ಪಡೆದವರು ಸಣ್ಣ ಊರುಗಳಲ್ಲಿ ದವಾಖಾನೆ ತೆರೆದು ಜನರಿಗೆ ಆಸರೆಯಾಗಿದ್ದರು. ದೊಡ್ಡ ಶಸ್ತ್ರಕ್ರಿಯೆ ಬೇಕಾದವರಿಗೆ ಮಿರಜಿನ ಮಿಶನ್ ಆಸ್ಪತ್ರೆಯ ಹೆಸರು ಗೊತ್ತಿತ್ತು. ಅದನ್ನು ೧೮೯೪ರಲ್ಲಿ ಕಟ್ಟಿದ ವಿಲಿಯಂ ವಾನ್ಲೆಸ್ ಅವರೂ ಹಗಿನ್ಸರಂತೆ ಕೆನಡಾದವರು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ಕ್ಯಾನ್ಸರ್ ರೋಗಿಗಳಿಗಾಗಿ ಬಾಗಿಲು ತೆರೆದುದು ಹಗಿನ್ಸರ ಲೇಖನ ಹೊರಬಂದ ವರ್ಷವೇ, ೧೯೪೧ರ ಫೆಬ್ರವರಿಯಲ್ಲಿ.

ಆದರೆ ಊರಿನ ವೈದ್ಯನಿಗೆ ಹೊಸ ಸುದ್ದಿ ಹೇಗೆ ತಿಳಿಯಬೇಕು? ಮಹಾಯುದ್ಧದ ಕಾಲ, ಹಡಗುಗಳ ಸಂಚಾರಕ್ಕೆ ಅಡ್ಡಿ. ಪರದೇಶದ ಪತ್ರಿಕೆ ಮುಂಬಯಿಯ ಗ್ರಂಥಾಲಯಕ್ಕೆ ಬರುವುದೇ ತಡ. ದೇಶದೊಳಗೆ ಕಲಕತ್ತೆಯಿಂದ ೧೮೬೬ರಲ್ಲಿ ಆರಂಭವಾಗಿ ೧೯೫೫ರವರೆಗೆ ನಡೆದ ‘ಇಂಡಿಯನ್ ಮೆಡಿಕಲ್ ಗೆಜೆಟ್’ ಇತ್ತು. ೧೯೨೮ರಲ್ಲಿ ಹುಟ್ಟಿದ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆ ಇತ್ತು. ಇವು ಅಂಚೆಯ ಚೀಲದಲ್ಲಿ ಹೋಟಗಿ–ಗದಗ ಹಳಿಯ ಮೇಲಿನ ರೈಲಿನಲ್ಲಿ ಬಿಜಾಪುರಕ್ಕೆ ಬಂದರೆ, ಚಂದಾ ಕಟ್ಟಿದ ವೈದ್ಯನ ಮೇಜಿನ ಮೇಲೆ ಬಿದ್ದಾವು. ದಿನಕ್ಕೆ ನೂರು ರೋಗಿಗಳನ್ನು ನೋಡಿ ದಣಿದವನು ರಾತ್ರಿ ಕಂದೀಲಿನ ಬೆಳಕಿನಲ್ಲಿ ಅವನ್ನು ಬಿಡಿಸಿ ಓದಿದರೆ ಮಾತ್ರ ಷಿಕಾಗೊ ಅವನ ಕೋಣೆಯೊಳಕ್ಕೆ ಬಂದಂತೆ. ಈ ಕೊರತೆಯನ್ನು ಹಿರಿಯರು ಕಾಣದೆ ಇರಲಿಲ್ಲ. ದೇಶದ ಆರೋಗ್ಯವ್ಯವಸ್ಥೆಯನ್ನು ಪರಿಶೀಲಿಸಿ ೧೯೪೬ರಲ್ಲಿ ವರದಿ ಒಪ್ಪಿಸಿದ ಭೋರ್ ಸಮಿತಿ, ವೃತ್ತಿಯಲ್ಲಿರುವ ವೈದ್ಯರಿಗೆ ಮರುಶಿಕ್ಷಣದ ಏರ್ಪಾಡು ಬೇಕೆಂದು ಹೇಳಿತು.

ಸುದ್ದಿ ತಡವಾಗಿ ಬಂದರೆ ಆಗುವ ನಷ್ಟವೇನು ಎಂದು ನೀವು ಕೇಳಬಹುದು. ಉತ್ತರಕ್ಕೆ ಹೆಣ್ಣುಹಾರ್ಮೋನಿನ ಗುಳಿಗೆಯ ಕಥೆಯನ್ನೇ ನೋಡಿ. ೧೯೩೮ರಲ್ಲಿ ಲಂಡನ್ನಿನ ಚಾರ್ಲ್ಸ್ ಡಾಡ್ಸ್ ಮತ್ತು ಅವರ ಸಂಗಡಿಗರು ಸ್ಟಿಲ್‌ಬೆಸ್ಟ್ರಾಲ್ ಎಂಬ ಕೃತಕ ಹಾರ್ಮೋನನ್ನು ಸಿದ್ಧಪಡಿಸಿದರು. ಅದಕ್ಕೆ ಪೇಟೆಂಟ್ ಪಡೆಯಲಿಲ್ಲವಾದ್ದರಿಂದ ಗುಳಿಗೆ ಅಗ್ಗವಾಯಿತು. ಹಗಿನ್ಸರ ಶೋಧದ ಮೇಲೆ ಲೋಕದ ವೈದ್ಯರೆಲ್ಲ ಪ್ರಾಸ್ಟೇಟ್ ಕ್ಯಾನ್ಸರಿಗೆ ಅದನ್ನು ಬರೆದುಕೊಡತೊಡಗಿದರು. ದಿನಕ್ಕೆ ೫ ಮಿಲಿಗ್ರಾಂ ವಾಡಿಕೆಯಾಯಿತು. ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳು ಒಟ್ಟುಗೂಡಿ ನಡೆಸಿದ ದೊಡ್ಡ ಪರೀಕ್ಷೆಯ ಫಲ ೧೯೬೭ರಲ್ಲಿ ಹೊರಬಂದಾಗ ಎಲ್ಲರೂ ಬೆಚ್ಚಿದರು. ಆ ಪ್ರಮಾಣದ ಗುಳಿಗೆ ತಿಂದವರಲ್ಲಿ ಕ್ಯಾನ್ಸರಿನ ಸಾವು ತಗ್ಗಿದರೂ ಹೃದಯ ಮತ್ತು ರಕ್ತನಾಳಗಳ ರೋಗದಿಂದ ಸಾಯುವವರು ಹೆಚ್ಚಿದ್ದರು. ಮುಂದಿನ ಪರೀಕ್ಷೆಯಲ್ಲಿ ೧ ಮಿಲಿಗ್ರಾಂ ಪ್ರಮಾಣವೂ ಕ್ಯಾನ್ಸರನ್ನು ತಡೆಯುವುದರಲ್ಲಿ ೫ಕ್ಕೆ ಸಮನಾಗಿತ್ತು, ಅಪಾಯ ಕಡಿಮೆಯಿತ್ತು.

ಇದರ ಅರ್ಥವನ್ನು ಸ್ವಲ್ಪ ಯೋಚಿಸಿ. ೧೯೪೫ರಲ್ಲಿ ಹೊಸದನ್ನು ಕಲಿತು ಬೀಗಿದ ವೈದ್ಯನೇ ೧೯೭೦ರಲ್ಲಿ ಅದನ್ನು ಹಾಗೆಯೇ ಮುಂದುವರಿಸಿದರೆ, ಕ್ಯಾನ್ಸರಿನಿಂದ ಉಳಿಸಿದ ಮುದುಕನನ್ನು ಹೃದಯಾಘಾತಕ್ಕೆ ಒಪ್ಪಿಸಿದಂತಾಯಿತು. ಆತನಲ್ಲಿ ಕರುಣೆಗೆ ಕೊರತೆಯಿರಲಿಲ್ಲ, ದುಡಿಮೆಗೂ ಇರಲಿಲ್ಲ. ಒಂದು ಪತ್ರಿಕೆಯ ಕೆಲವು ಪುಟಗಳು ಅವನಿಗೆ ತಲುಪಿರಲಿಲ್ಲ, ಅಷ್ಟೇ.

ಹೀಗೆ ಹೊರಗಿನ ಲೋಕದಲ್ಲಿ ತಿಳಿವು ಬದಲಾಗುತ್ತಿದ್ದಾಗ ನಮ್ಮ ನಾಡಿನಲ್ಲಿ ಅದನ್ನು ಬರಮಾಡಿಕೊಳ್ಳುವ ಮನೆಗಳು ಒಂದೊಂದಾಗಿ ಎದ್ದವು. ಮೈಸೂರು ಸಂಸ್ಥಾನದಲ್ಲಿ ವೈದ್ಯಕೀಯ ಕಾಲೇಜು ೧೯೨೪ರಲ್ಲಿಯೇ ಆರಂಭವಾಗಿತ್ತು. ಉತ್ತರದ ಜಿಲ್ಲೆಗಳಿಗೆ ಆ ಭಾಗ್ಯ ಬಂದುದು ೧೯೫೭ರಲ್ಲಿ, ಹುಬ್ಬಳ್ಳಿಯ ಕರ್ನಾಟಕ ವೈದ್ಯಕೀಯ ಕಾಲೇಜಿನಿಂದ. ೧೯೬೩ರಲ್ಲಿ ಬೆಳಗಾವಿ ಮತ್ತು ಕಲಬುರ್ಗಿಗಳಲ್ಲಿ ಕಾಲೇಜುಗಳಾದವು. ವಿಜಯಪುರದಲ್ಲಿ ೧೯೮೪ರಲ್ಲಿ ಅಲ್-ಅಮೀನ್ ಕಾಲೇಜು ತೆರೆಯಿತು. ವಚನಪಿತಾಮಹ ಫ. ಗು. ಹಳಕಟ್ಟಿಯವರ ದುಡಿಮೆಯಿಂದ ೧೯೧೦ರಲ್ಲಿ ಹುಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆಯು ೧೯೮೬ರಲ್ಲಿ ಅಲ್ಲಿಯೇ ಬಿ. ಎಂ. ಪಾಟೀಲ ವೈದ್ಯಕೀಯ ಕಾಲೇಜನ್ನು ಆರಂಭಿಸಿತು. ವೈದ್ಯಕೀಯ ಕಾಲೇಜೆಂದರೆ ಹುಡುಗರಿಗೆ ಪಾಠ ಹೇಳುವ ಕಟ್ಟಡವಷ್ಟೇ ಎಂದು ತಿಳಿಯಬೇಡಿ. ಅಲ್ಲಿ ಗ್ರಂಥಾಲಯವಿರುತ್ತದೆ, ಮೂತ್ರರೋಗಗಳನ್ನು ಬಲ್ಲ ತಜ್ಞರಿರುತ್ತಾರೆ, ಗ್ರಂಥಿಯ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ಓದುವವರಿರುತ್ತಾರೆ. ಗೊಳಸಂಗಿ, ತಾಳಿಕೋಟೆ, ಇಂಡಿ, ಸಿಂದಗಿಗಳ ವೈದ್ಯನಿಗೆ ಸಂಶಯ ಬಂದರೆ ಕೇಳಬಹುದಾದ ಒಬ್ಬರು ಮುಂಬಯಿಯ ಬದಲು ಜಿಲ್ಲೆಯ ಊರಿನಲ್ಲೇ ಸಿಕ್ಕಂತಾಯಿತು.

ಕ್ಯಾನ್ಸರಿಗೆಂದೇ ಬೆಂಗಳೂರಿನಲ್ಲಿ ೧೯೭೩ರಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಸ್ಥಾಪಿತವಾಯಿತು. ೧೯೮೨ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಯೋಜನೆಯಂತೆ ಅಲ್ಲಿ ಬೆಂಗಳೂರು ನಗರದ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ಎಷ್ಟು ಜನರಿಗೆ, ಯಾವ ವಯಸ್ಸಿನಲ್ಲಿ, ಯಾವ ಅಂಗದ ಕ್ಯಾನ್ಸರ್ ಬಂದಿದೆ ಎಂಬ ಲೆಕ್ಕವನ್ನು ವರ್ಷವರ್ಷವೂ ಬರೆದಿಡುವ ಕೆಲಸ ಅದು. ಪ್ರಾಸ್ಟೇಟ್ ಕ್ಯಾನ್ಸರ್ ನಮ್ಮ ಗಂಡಸರಲ್ಲಿ ಏರುತ್ತಿದೆ ಎಂಬುದು ಇಂಥ ಲೆಕ್ಕದಿಂದಲೇ ಗೊತ್ತಾಯಿತು. ಇಂದು ಬೆಂಗಳೂರಿನ ಗಂಡಸರ ಮುಖ್ಯ ಕ್ಯಾನ್ಸರುಗಳ ಸಾಲಿನಲ್ಲಿ ಅದು ನಿಂತಿದೆ. ಕಲಿಯುವಾಗ ಇದನ್ನು ಪರದೇಶದ ರೋಗವೆಂದು ಓದಿದ್ದ ವೈದ್ಯರು ಮತ್ತೆ ಕಲಿಯಬೇಕಾದ ಪಾಠ ಇದು.

ಅಷ್ಟರಲ್ಲಿ ಹೊಸ ಸುದ್ದಿಗಳು ಒಂದರ ಮೇಲೊಂದು ಬಂದವು. ಹಗಿನ್ಸರಿಗೆ ನೊಬೆಲ್ ಬಂದ ೧೯೬೬ರಲ್ಲಿಯೇ ಮಿನಿಯಾಪೊಲಿಸ್ಸಿನ ಡೊನಾಲ್ಡ್ ಗ್ಲೀಸನ್ ಎಂಬ ರೋಗಶಾಸ್ತ್ರಜ್ಞರು ಸೂಕ್ಷ್ಮದರ್ಶಕದಲ್ಲಿ ಕಾಣುವ ವಿನ್ಯಾಸವನ್ನು ನೋಡಿ ಅರ್ಬುದದ ಉಗ್ರತೆಯನ್ನು ಅಂಕಿಯಲ್ಲಿ ಹೇಳುವ ಕ್ರಮವನ್ನು ಕೊಟ್ಟರು. ಆಂಡ್ರ್ಯೂ ಶಾಲಿ ಮತ್ತು ರೋಜರ್ ಗಿಯ್ಮ್ಯಾ ಅವರು ಮಿದುಳಿನಿಂದ ಹೊರಟು ಇತರ ಗ್ರಂಥಿಗಳನ್ನು ಆಳುವ ಹಾರ್ಮೋನುಗಳನ್ನು ಗುರುತಿಸಿ ೧೯೭೭ರಲ್ಲಿ ನೊಬೆಲ್ ಹಂಚಿಕೊಂಡರು. ಅದರ ಫಲವಾಗಿ ೧೯೮೦ರ ದಶಕದಲ್ಲಿ ಶಸ್ತ್ರವಿಲ್ಲದೆ, ಚುಚ್ಚುಮದ್ದಿನಿಂದಲೇ ಗಂಡುಹಾರ್ಮೋನನ್ನು ಇಳಿಸುವ ಔಷಧಗಳು ಬಂದವು. ೧೯೮೨ರಲ್ಲಿ ಯಂಗ್ ಅವರ ಅದೇ ಜಾನ್ಸ್ ಹಾಪ್‌ಕಿನ್ಸಿನಲ್ಲಿ ಪ್ಯಾಟ್ರಿಕ್ ವಾಲ್ಶ್ ಅವರು ಗ್ರಂಥಿಯ ಪಕ್ಕದ ನರಗಳನ್ನು ಉಳಿಸಿ ಶಸ್ತ್ರಕ್ರಿಯೆ ಮಾಡುವ ವಿಧಾನವನ್ನು ತೋರಿಸಿದರು. ಅದರಿಂದ ರೋಗಿಯ ದಾಂಪತ್ಯಕ್ಕೆ ಒದಗುತ್ತಿದ್ದ ಹಾನಿ ತಗ್ಗಿತು.

ಆಮೇಲೆ ಬಂದುದು ಒಂದು ರಕ್ತಪರೀಕ್ಷೆ. ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟುವ ಒಂದು ಪ್ರೋಟೀನನ್ನು ೧೯೭೯ರಲ್ಲಿ ಅಮೆರಿಕದ ಬಫಲೊ ನಗರದ ಸಂಶೋಧಕರು ಬೇರ್ಪಡಿಸಿ ಶುದ್ಧಗೊಳಿಸಿದರು. ಅದನ್ನೇ ಪಿ.ಎಸ್.ಎ. ಎನ್ನುತ್ತಾರೆ. ಚಿಕಿತ್ಸೆ ಪಡೆಯುತ್ತಿರುವವರ ರೋಗದ ಏರಿಳಿತ ನೋಡಲು ೧೯೮೬ರಲ್ಲಿ, ರೋಗವನ್ನು ಪತ್ತೆಹಚ್ಚಲು ನೆರವಾಗಿ ೧೯೯೪ರಲ್ಲಿ ಅಮೆರಿಕ ಸರಕಾರ ಇದಕ್ಕೆ ಒಪ್ಪಿಗೆ ಕೊಟ್ಟಿತು. ಒಂದು ಹನಿ ರಕ್ತದಿಂದ ಕ್ಯಾನ್ಸರ್ ಬಯಲಾದರೆ ಇನ್ನೇನು ಬೇಕೆಂದು ಲಕ್ಷಾಂತರ ಆರೋಗ್ಯವಂತರು ಪರೀಕ್ಷೆಗೆ ಸಾಲುನಿಂತರು.

ಇಲ್ಲಿ ಇತಿಹಾಸ ಮತ್ತೊಮ್ಮೆ ಕಿವಿ ಹಿಂಡಿತು. ಈ ಪ್ರೋಟೀನು ಕ್ಯಾನ್ಸರಿನಲ್ಲಿ ಏರುವಂತೆ ಬರಿಯ ಉಬ್ಬಿನಲ್ಲಿಯೂ ಸೋಂಕಿನಲ್ಲಿಯೂ ಏರುತ್ತದೆ. ಅಲ್ಲದೆ ಮುದುಕರಲ್ಲಿ ಸಿಗುವ ಅನೇಕ ಅರ್ಬುದಗಳು ಎಷ್ಟು ಮಂದವಾಗಿ ಬೆಳೆಯುತ್ತವೆಂದರೆ, ಅವು ತೊಂದರೆ ಕೊಡುವ ಮೊದಲೇ ಮನುಷ್ಯ ತನ್ನ ಆಯುಸ್ಸು ಮುಗಿಸಿರುತ್ತಾನೆ. ಅಂಥವರಿಗೂ ಕತ್ತಿ, ವಿಕಿರಣ. ಅವುಗಳ ಬೆನ್ನಿಗೆ ಮೂತ್ರದ ಹತೋಟಿ ತಪ್ಪುವ ಸಂಕಟ. ೨೦೦೯ರಲ್ಲಿ ಯುರೋಪಿನ ಏಳು ದೇಶಗಳಲ್ಲಿ ೧,೮೨,೦೦೦ ಗಂಡಸರ ಮೇಲೆ ನಡೆದ ಪರೀಕ್ಷೆಯ ಫಲ ಹೊರಬಿತ್ತು. ತಪಾಸಣೆಯಿಂದ ಈ ಕ್ಯಾನ್ಸರಿನ ಸಾವು ಐದರಲ್ಲಿ ಒಂದು ಪಾಲು ತಗ್ಗಿತ್ತು, ನಿಜ. ಆದರೆ ಒಂದು ಸಾವನ್ನು ತಪ್ಪಿಸಲು ೧,೪೧೦ ಜನರನ್ನು ತಪಾಸಣೆಗೆ ಒಳಪಡಿಸಿ, ಮಿಗಿಲಾಗಿ ೪೮ ಜನರಿಗೆ ಚಿಕಿತ್ಸೆ ಕೊಡಬೇಕಾಗಿತ್ತು. ಅಮೆರಿಕದ ಸರಕಾರಿ ಸಲಹಾಮಂಡಲಿ ೨೦೧೨ರಲ್ಲಿ ಈ ತಪಾಸಣೆ ಬೇಡವೆಂದು ಸಾರಿತು. ೨೦೧೮ರಲ್ಲಿ ಅದೇ ಮಂಡಲಿ ತನ್ನ ಮಾತನ್ನು ತಿದ್ದಿ, ೫೫ರಿಂದ ೬೯ ವರ್ಷದವರು ಲಾಭನಷ್ಟಗಳನ್ನು ವೈದ್ಯರೊಡನೆ ಮಾತಾಡಿ ತಾವೇ ನಿರ್ಧರಿಸಲಿ ಎಂದಿತು. ಯುರೋಪಿನ ಅದೇ ಪರೀಕ್ಷೆಯನ್ನು ೨೩ ವರ್ಷ ಹಿಂಬಾಲಿಸಿ ೨೦೨೫ರಲ್ಲಿ ಲೆಕ್ಕ ಕಟ್ಟಿದಾಗ, ಒಂದು ಸಾವು ತಪ್ಪಿಸಲು ತಪಾಸಣೆಗೆ ಕರೆಯಬೇಕಾದವರ ಸಂಖ್ಯೆ ೪೫೬ಕ್ಕೆ ಇಳಿದಿತ್ತು.

ಇದರ ನಡುವೆ ಬ್ರಿಟನ್ನಿನಲ್ಲಿ ೧,೬೪೩ ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಶಸ್ತ್ರಕ್ರಿಯೆ, ಇನ್ನೊಂದಕ್ಕೆ ವಿಕಿರಣ, ಮತ್ತೊಂದಕ್ಕೆ ಎಚ್ಚರದ ಕಾವಲು ಮಾತ್ರ ಎಂದು ಗೊತ್ತುಮಾಡಿದ್ದರು. ಇವರ ರೋಗವೆಲ್ಲ ಗ್ರಂಥಿಯ ಗಡಿಯೊಳಗೇ ಇದ್ದುದು. ೧೫ ವರ್ಷಗಳಾದ ಮೇಲೆ, ೨೦೨೩ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ಗುಂಪುಗಳಲ್ಲೂ ಈ ಕ್ಯಾನ್ಸರಿನಿಂದ ಸತ್ತವರು ನೂರಕ್ಕೆ ಸುಮಾರು ಮೂರು ಮಂದಿ ಮಾತ್ರ. ಕ್ಯಾನ್ಸರ್ ಎಂದ ಕೂಡಲೆ ಕತ್ತಿ ಹಿಡಿಯಬೇಕೆಂಬ ಹಳೆಯ ನಂಬಿಕೆ ಸಡಿಲವಾಯಿತು. ಮಂದಗತಿಯ ರೋಗವಿದ್ದವನನ್ನು ಕಾಲಕಾಲಕ್ಕೆ ಪರೀಕ್ಷಿಸುತ್ತ ಕಾಯುವುದೂ ಚಿಕಿತ್ಸೆಯೆ. ನೋಡಿ, ವೈದ್ಯನ ಓದಿನಲ್ಲಿ ಹೊಸದನ್ನು ಸೇರಿಸಿಕೊಳ್ಳುವುದು ಅರ್ಧ. ಕಲಿತದ್ದನ್ನು ಬಿಡುವುದು ಇನ್ನರ್ಧ. ಬಿಡುವುದೇ ಹೆಚ್ಚು ಕಷ್ಟ.

ಹಾಗೆಂದು ಹಳೆಯದೆಲ್ಲ ಕಸವಲ್ಲ. ಹಗಿನ್ಸರು ತೋರಿಸಿದ ವೃಷಣಛೇದನ ಇಂದಿಗೂ ಅಗ್ಗದ, ಒಂದೇ ಸಲಕ್ಕೆ ಮುಗಿಯುವ ಉಪಾಯ. ತಿಂಗಳು ತಿಂಗಳೂ ಚುಚ್ಚುಮದ್ದಿಗೆ ದುಡ್ಡು ಹೊಂದಿಸಲಾರದ, ಹೊಲಮನೆ ಬಿಟ್ಟು ಊರಿಗೆ ಅಲೆಯಲಾರದ ರೈತನಿಗೆ ಅದು ಈಗಲೂ ಒಪ್ಪುವ ದಾರಿ. ಆದರೆ ಅದೊಂದೇ ಸಾಲದೆಂಬುದೂ ಈಗ ಗೊತ್ತಾಗಿದೆ. ಡೊಸಿಟ್ಯಾಕ್ಸೆಲ್ ಎಂಬ ಔಷಧ ಕೊನೆಯ ಹಂತದ ರೋಗಿಗಳ ಆಯುಸ್ಸನ್ನು ಹೆಚ್ಚಿಸುತ್ತದೆಂದು ೨೦೦೪ರಲ್ಲಿ ಸಿದ್ಧವಾಗಿತ್ತು. ೨೦೧೫ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಹರಡಿದ ರೋಗದವರಿಗೆ ಅದೇ ಔಷಧವನ್ನು ಆರಂಭದಲ್ಲಿಯೇ ಹಾರ್ಮೋನು ಚಿಕಿತ್ಸೆಯೊಡನೆ ಸೇರಿಸಿ ಕೊಟ್ಟಾಗ, ಸರಾಸರಿ ಬದುಕು ಒಂದು ವರ್ಷಕ್ಕೂ ಮೇಲ್ಪಟ್ಟು ಹೆಚ್ಚಿತು. ಅಬಿರಾಟರೋನ್ ಎಂಬ ಗುಳಿಗೆಯೂ ಹೀಗೆಯೇ ಮೊದಲಿನಿಂದಲೇ ಕೊಟ್ಟರೆ ಲಾಭವೆಂದು ೨೦೧೭ರಲ್ಲಿ ಎರಡು ಪರೀಕ್ಷೆಗಳು ತೋರಿಸಿದವು. ಔಷಧ ಹಳೆಯದೇ, ಕೊಡುವ ಹೊತ್ತು ಮಾತ್ರ ಹೊಸದು. ಇದನ್ನು ಓದಿದ ವೈದ್ಯನ ರೋಗಿಗೆ ಮೊಮ್ಮಗಳ ಮದುವೆ ನೋಡುವ ಯೋಗ. ಓದದವನ ರೋಗಿಗೆ ಅದಿಲ್ಲ.

ದುಡ್ಡಿನ ಮಾತಿಗೂ ಓದು ಬೇಕು. ಅಬಿರಾಟರೋನನ್ನು ಬರಿಹೊಟ್ಟೆಯಲ್ಲಿ ದಿನಕ್ಕೆ ೧,೦೦೦ ಮಿಲಿಗ್ರಾಂ ನುಂಗಬೇಕೆಂದು ನಿಯಮ. ಊಟದೊಡನೆ ತಿಂದರೆ ಅದು ರಕ್ತಕ್ಕೆ ಹಲವು ಪಟ್ಟು ಹೆಚ್ಚಾಗಿ ಸೇರುತ್ತದೆ. ಇದನ್ನೇ ಉಪಯೋಗಿಸಿಕೊಂಡು ೭೨ ರೋಗಿಗಳಲ್ಲಿ ನಡೆದ, ೨೦೧೮ರಲ್ಲಿ ಪ್ರಕಟವಾದ ಸಣ್ಣ ಪರೀಕ್ಷೆಯೊಂದರಲ್ಲಿ, ಲಘು ಉಪಾಹಾರದೊಡನೆ ಕೊಟ್ಟ ೨೫೦ ಮಿಲಿಗ್ರಾಂ ರಕ್ತದ ಪಿ.ಎಸ್.ಎ. ಇಳಿಸುವುದರಲ್ಲಿ ಪೂರ್ಣ ಪ್ರಮಾಣಕ್ಕೆ ಕಡಿಮೆಯಾಗಲಿಲ್ಲ. ಅಂದರೆ ಔಷಧದ ಖರ್ಚು ಕಾಲು ಭಾಗಕ್ಕೆ ಇಳಿಯುವ ಸಾಧ್ಯತೆ. ಈ ಸುದ್ದಿಯನ್ನು ಔಷಧ ಮಾರುವವರು ಬಂದು ಹೇಳುವರೆಂದು ಕಾಯುವಂತಿಲ್ಲ. ವೈದ್ಯನೇ ಹುಡುಕಿ ಓದಬೇಕು. ಆದರೆ ಗುಳಿಗೆಯ ಪ್ರಮಾಣವನ್ನು ಮನೆಯಲ್ಲಿ ನೀವೇ ಬದಲಿಸಬಾರದು; ಇದು ತಜ್ಞರೊಡನೆ ಮಾತಾಡಬೇಕಾದ ವಿಷಯ.

ಹುಡುಕುವುದಾದರೂ ಹೇಗೆ? ಅಮೆರಿಕದ ಜಾನ್ ಶಾ ಬಿಲ್ಲಿಂಗ್ಸ್ ಎಂಬ ಸೈನ್ಯವೈದ್ಯರು ೧೮೭೯ರಲ್ಲಿ ಲೋಕದ ವೈದ್ಯಪತ್ರಿಕೆಗಳ ಲೇಖನಗಳಿಗೆಲ್ಲ ಒಂದು ಸೂಚಿಯನ್ನು ಪ್ರಕಟಿಸತೊಡಗಿದರು. ಆಲಮಟ್ಟಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಣೆಕಟ್ಟಿಗೆ ಅಡಿಗಲ್ಲು ಇಟ್ಟ ೧೯೬೪ರಲ್ಲಿ ಆ ಸೂಚಿ ಕಂಪ್ಯೂಟರನ್ನೇರಿತು. ೧೯೯೭ರಲ್ಲಿ ‘ಪಬ್‌ಮೆಡ್’ ಎಂಬ ಹೆಸರಿನಲ್ಲಿ ಲೋಕದ ಯಾರಿಗೇ ಆದರೂ ಪುಕ್ಕಟೆಯಾಗಿ ತೆರೆಯಿತು. ೧೯೯೬ರಲ್ಲಿ ಸ್ಥಾಪನೆಯಾದ ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ೨೦೦೩ರಲ್ಲಿ ‘ಹೆಲಿನೆಟ್’ ಎಂಬ ಒಕ್ಕೂಟ ಮಾಡಿ, ಬೇರೆ ಬೇರೆ ಊರುಗಳ ಕಾಲೇಜುಗಳು ಒಂದೇ ಚಂದಾದಲ್ಲಿ ಪತ್ರಿಕೆಗಳನ್ನು ಗಣಕದ ಮೇಲೆ ಓದುವಂತೆ ಮಾಡಿತು. ಟಾಟಾ ಸ್ಮಾರಕ ಕೇಂದ್ರದ ಮುಂದಾಳುತನದಲ್ಲಿ ೨೦೧೨ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಯಾನ್ಸರ್ ಜಾಲವು ದೇಶದ ಆಸ್ಪತ್ರೆಗಳನ್ನು ಬೆಸೆದು, ನಮ್ಮ ಜನರಿಗೆ ಎಟಕುವ ಚಿಕಿತ್ಸಾಸೂತ್ರಗಳನ್ನು ಸಿದ್ಧಪಡಿಸಿತು. ಕಠಿಣವಾದ ರೋಗಿಯ ವಿವರವನ್ನು ಹಲವು ಊರುಗಳ ತಜ್ಞರು ಪರದೆಯ ಮೇಲೆ ಕೂಡಿ ಚರ್ಚಿಸುವ ಪದ್ಧತಿಯನ್ನೂ ಅದು ಬೆಳೆಸಿತು. ಚರಕನ ಸಂಭಾಷೆ ತಂತಿಯ ಮೇಲೆ ನಡೆದಂತಾಯಿತು.

ಕಾನೂನೂ ಸುಮ್ಮನೆ ಕೂಡಲಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತು ೨೦೦೨ರ ನೀತಿಸಂಹಿತೆಯಲ್ಲಿ, ಪ್ರತಿ ವೈದ್ಯನೂ ಐದು ವರ್ಷಕ್ಕೆ ೩೦ ಗಂಟೆಯಾದರೂ ಮುಂದುವರಿದ ಶಿಕ್ಷಣದಲ್ಲಿ ಭಾಗವಹಿಸಬೇಕೆಂದು ಹೇಳಿತು. ೨೦೦೯ರ ತಿದ್ದುಪಡಿಯಲ್ಲಿ ವೈದ್ಯರು ಔಷಧ ಕಂಪನಿಗಳಿಂದ ಉಡುಗೊರೆ, ಪ್ರವಾಸದ ಖರ್ಚು ಪಡೆಯುವುದನ್ನು ನಿಷೇಧಿಸಿತು. ೨೦೨೦ರಲ್ಲಿ ಆ ಪರಿಷತ್ತಿನ ಜಾಗಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂದಿದೆ.

ಐದು ವರ್ಷಕ್ಕೆ ೩೦ ಗಂಟೆಯೆಂದರೆ ತಿಂಗಳಿಗೆ ಅರ್ಧ ಗಂಟೆ. ನಾವು ರೇಡಿಯೋದಲ್ಲಿ ಒಂದು ನಾಟಕ ಕೇಳುವಷ್ಟು ಹೊತ್ತು. ಆ ಅರ್ಧ ಗಂಟೆಯಲ್ಲಿಯೂ ಒಬ್ಬರು ಉಪನ್ಯಾಸ ಕೊಟ್ಟು, ಉಳಿದವರು ಸಹಿ ಹಾಕಿ ಊಟ ಮಾಡಿ ಬಂದರೆ ರೋಗಿಗೆ ಏನು ದಕ್ಕೀತು? ಬರಿಯ ಉಪನ್ಯಾಸದಿಂದ ವೈದ್ಯರ ನಡೆ ಬದಲಾಗುವುದು ಕಡಿಮೆ. ತಮ್ಮದೇ ರೋಗಿಯ ವಿವರವನ್ನು ಮುಂದಿಟ್ಟುಕೊಂಡು ಪ್ರಶ್ನೆ ಕೇಳಿ, ವಾದಿಸಿ ಕಲಿತಾಗ ಹೆಚ್ಚು ಎಂದು ಈ ವಿಷಯದಲ್ಲಿ ನಡೆದ ಅಧ್ಯಯನಗಳೇ ಹೇಳಿವೆ. ದೊಡ್ಡ ಊರಿನ ತಜ್ಞನಿಗೆ ಇಂಥ ಅವಕಾಶ ದಿನವೂ ಉಂಟು. ಹಳ್ಳಿಯ ದವಾಖಾನೆಯಲ್ಲಿ ಒಬ್ಬನೇ ಕುಳಿತವನಿಗೆ ಅದನ್ನು ನಾವು ಒದಗಿಸಿಕೊಡಬೇಕು. ಅವನು ಒಂದು ದಿನ ಬಾಗಿಲು ಮುಚ್ಚಿ ವಿಜಯಪುರದ ಸಭೆಗೆ ಹೋದರೆ, ಅಂದು ಊರಿನ ರೋಗಿಗಳಿಗೆ ಬದಲಿ ಯಾರೆಂಬ ಪ್ರಶ್ನೆಗೆ ಸರಕಾರವೂ ಸಂಘಗಳೂ ಉತ್ತರ ಕೊಡಬೇಕು.

ಏಕೆಂದರೆ ಈ ರೋಗದಲ್ಲಿ ಮೊದಲ ಬಾಗಿಲು ಅವನದೇ. ಮನೆಯ ಹಿರಿಯರು ರಾತ್ರಿ ನಾಲ್ಕು ಸಲ ಎದ್ದು ಕಾಲುಮಡಿಯಲು ಹೋಗುತ್ತಾರೆ. ಧಾರೆ ಸಣ್ಣಗ ಬರುತ್ತದೆ. “ವಯಸ್ಸಾತಲ್ರೀ, ಇನ್ನ ಹಿಂಗs” ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಕೆಲವು ತಿಂಗಳ ಮೇಲೆ ಟೊಂಕ ನೋಯುತ್ತದೆ. ಜೋಳದ ಸುಗ್ಗಿಯ ದಣಿವೆಂದು ಎಣ್ಣೆ ತಿಕ್ಕುತ್ತಾರೆ. ಪಶ್ಚಿಮದ ದೇಶಗಳಲ್ಲಿ ಬೇಡದವರಿಗೂ ಪರೀಕ್ಷೆಯಾದುದು ಒಂದು ತೊಂದರೆ. ನಮ್ಮಲ್ಲಿ ಬೇಕಾದವರಿಗೂ ಆಗದೆ, ಎಲುಬಿಗೆ ಹರಡಿದ ಮೇಲೆ ಬರುವವರು ಬಹಳ ಎಂಬುದು ಅದಕ್ಕಿಂತ ದೊಡ್ಡ ತೊಂದರೆ. ಅಲ್ಲಿಯ ವಾದವನ್ನು ಅರ್ಧ ಓದಿ, ‘ಪಿ.ಎಸ್.ಎ. ನಿಷ್ಪ್ರಯೋಜಕ’ ಎಂದು ನಂಬಿದ ವೈದ್ಯನು ಟೊಂಕದ ನೋವಿನ ಮುದುಕನಿಗೆ ಅದನ್ನು ಮಾಡಿಸದೆ ಬಿಟ್ಟರೆ ಅದೂ ಅನ್ಯಾಯವೆ. ಲಕ್ಷಣವಿಲ್ಲದವನ ತಪಾಸಣೆ ಬೇರೆ, ಲಕ್ಷಣವಿರುವವನ ಪರೀಕ್ಷೆ ಬೇರೆ.

ಆದುದರಿಂದ ಓದುಗರೆ, ನಿಮ್ಮ ಪಾಲಿನ ಕೆಲಸವೂ ಇದೆ. ಅರವತ್ತು ದಾಟಿದ ತಂದೆಗೋ ಮಾವನಿಗೋ ಕಾಕಾನಿಗೋ ಮೂತ್ರ ಕಟ್ಟಿದರೆ, ಅದರಲ್ಲಿ ರಕ್ತ ಕಂಡರೆ, ಬಿಡದೆ ಎಲುಬು ನೋವಾದರೆ ನಾಚಿಕೆ ಬಿಟ್ಟು ವೈದ್ಯರಿಗೆ ತೋರಿಸಿ. ವೈದ್ಯರು ಬೆರಳಿನಿಂದ ಗ್ರಂಥಿಯನ್ನು ಮುಟ್ಟಿ ನೋಡಬೇಕೆಂದರೆ ಸಂಕೋಚಪಡಬೇಡಿ. ನಿಮಿಷದ ಕೆಲಸ ಅದು. ಬೆನ್ನುನೋವಿನ ಜೊತೆಗೆ ಕಾಲುಗಳ ಬಲ ಕುಂದಿದರೆ ಒಂದು ದಿನವನ್ನೂ ಕಾಯದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ; ಬೆನ್ನುಹುರಿ ಅದುಮಿಹೋದರೆ ಹೋದ ನಡಿಗೆ ಮರಳುವುದು ದುರ್ಲಭ. ಕ್ಯಾನ್ಸರ್ ಎಂದು ಗೊತ್ತಾದರೆ ಮೂರು ಮಾತು ಕೇಳಿ: ರೋಗ ಗ್ರಂಥಿಯೊಳಗೇ ಇದೆಯೋ ಹರಡಿದೆಯೋ? ಗ್ಲೀಸನ್ ಅಂಕಿ ಎಷ್ಟು? ಈಚಿನ ಚಿಕಿತ್ಸಾಸೂತ್ರದಲ್ಲಿ ನಮ್ಮಂಥವರಿಗೆ ಹೇಳಿರುವುದೇನು?

ಈ ಕೊನೆಯ ಪ್ರಶ್ನೆಯನ್ನು ಸವಾಲಿನ ಧ್ವನಿಯಲ್ಲಿ ಕೇಳಬೇಕಾಗಿಲ್ಲ. ‘ಡಾಕ್ಟರೇ, ಇದರಾಗ ಈಗ ಏನರ ಹೊಸಾದು ಬಂದೈತೇನ್ರೀ?’ ಎಂದು ವಿನಯದಿಂದಲೇ ಕೇಳಬಹುದು. ಒಳ್ಳೆಯ ವೈದ್ಯನು ಅದಕ್ಕೆ ಕೋಪಿಸಿಕೊಳ್ಳುವುದಿಲ್ಲ. “ನೋಡಿ ಹೇಳುತ್ತೇನೆ, ನಾಳೆ ಬನ್ನಿ” ಎಂದರೆ ಅದನ್ನು ಅಜ್ಞಾನವೆಂದು ತಿಳಿಯಬೇಡಿ. ಅಂದು ರಾತ್ರಿ ಅವರು ಓದಲು ಕೂಡುತ್ತಾರೆ. ಅದರ ಲಾಭ ನಿಮ್ಮ ಮನೆಯ ಹಿರಿಯರಿಗೆ, ಅವರ ಹಿಂದೆ ಸಾಲಿನಲ್ಲಿ ಕುಳಿತಿರುವ ಇನ್ನೊಬ್ಬರಿಗೆ.